ಬಿಚ್ಚಿ ನೋಡದೆ ಸತ್ತಿತು ಅನ್ನಬೇಡಿ

ಅಪ್ಪನ ಕಾರನ್ನು ಗುಜರಿಗೆ ಹಾಕಿಸಬೇಕು ಅಂತಲೇ ಕಳೆದ ದೀಪಾವಳಿಗೆ ನಾನು ನಾರಾಯಣಪುರಕ್ಕೆ ಹೋಗಿದ್ದು. ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ಶೀಟ್ ರೆಡಿ ಇತ್ತು. ಹೊಸ ಕಾರಿನ ಆನ್‌ರೋಡ್ ಬೆಲೆ, ಐದು ವರ್ಷದ ಇಎಂಐ, ಹಳೆಯದನ್ನು ಸ್ಕ್ರ್ಯಾಪ್ ಮಾಡಿದರೆ ಸಿಗಬಹುದಾದ ರಿಯಾಯಿತಿ. ಕೊನೆಯ ಸಾಲಿನಲ್ಲಿ ‘ಅಪ್ಪನ ಹಟ’ ಅಂತ ಬರೆದು, ಅದರ ಮುಂದಿನ ಖಾನೆ ಖಾಲಿ ಬಿಟ್ಟು, ತಮಾಷೆಗೆ ತಂಗಿಗೆ ಕಳಿಸಿದ್ದೆ. ಅವಳು ನಗುವ ಎಮೋಜಿ ಕಳಿಸಿದಳು. ಅಂದರೆ ಮನೆಯಲ್ಲಿ ಮೂವರಲ್ಲಿ ಇಬ್ಬರ ಬಹುಮತ ನನಗಿತ್ತು. ಅವ್ವ ಯಾವ ಕಡೆಯೂ ಇರಲಿಲ್ಲ, ಆದರೆ ಕಾರಿನಲ್ಲಿ ಕೂತು ಕಷ್ಟಪಡುತ್ತಿದ್ದವಳು ಅವಳೇ.

ಕಾರು 1998ರ ಮಾರುತಿ 800. ಕಾರ್ಬೊರೇಟರ್ ಇರುವ ಮಾಡೆಲ್, ಕೆಎ-38 ನಂಬರು, ಬಿಳಿ ಬಣ್ಣ ಈಗ ಚಹಾ ಕುಡಿದ ಹಲ್ಲಿನ ಬಣ್ಣಕ್ಕೆ ತಿರುಗಿದೆ. ಮೇಷ್ಟ್ರಾಗಿದ್ದ ಅಪ್ಪ 2003ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದರು. ಕಾಯಿಲೆ ಇಷ್ಟೇ: ಓಡುವಾಗ ಚೆನ್ನಾಗಿ ಓಡುತ್ತೆ, ನಿಂತಾಗ ಸಾಯುತ್ತೆ. ಹೈವೇ ಮೇಲೆ ತೊಂದರೆಯಿಲ್ಲ. ಕಲಬುರಗಿ ಊರೊಳಗೆ ಸಿಗ್ನಲ್ಲಿನಲ್ಲಿ ಕಾಲು ಆಕ್ಸಿಲರೇಟರ್ ಮೇಲಿಂದ ತೆಗೆದರೆ ಎಂಜಿನ್ ನಡುಗಿ, ಎರಡು ಸಲ ಕೆಮ್ಮಿ, ಬಂದ್. ಹದಿನೈದು ದಿನಕ್ಕೊಮ್ಮೆ ಅವ್ವನನ್ನು ಅಲ್ಲಿನ ಆಸ್ಪತ್ರೆಗೆ ತೋರಿಸೋಕೆ ಕರ್ಕೊಂಡು ಹೋಗಬೇಕು. ಏಪ್ರಿಲ್ ಬಿಸಿಲಿನಲ್ಲಿ ಹಿಂದೆ ಹತ್ತು ಗಾಡಿ ಹಾರನ್ ಹೊಡೆಯುವಾಗ ಎಪ್ಪತ್ತರ ಮುದುಕರೊಬ್ಬರು ಸೆಲ್ಫ್ ಹೊಡೆಯುತ್ತಾ ಕೂತಿರುವ ಚಿತ್ರ ಕಣ್ಣ ಮುಂದೆ ತಂದುಕೊಳ್ಳಿ. ಬೆಂಗಳೂರಿನಲ್ಲಿ ಕೂತು ನಾನು ತಂದುಕೊಂಡಿದ್ದೂ ಅದನ್ನೇ, ಎಕ್ಸೆಲ್ ಶೀಟ್ ಹುಟ್ಟಿದ್ದೂ ಅಲ್ಲಿಂದಲೇ.

ಒಂದು ಗ್ಯಾರೇಜಿಗೆ ಕೊಟ್ಟಾಗಿತ್ತು. ಹೆಸರು ಬೇಡ, ಊರೂ ಬೇಡ. ನಾಲ್ಕು ದಿನ ಇಟ್ಟುಕೊಂಡು ಕಾರ್ಬೊರೇಟರ್ ತೊಳೆದು, ಪ್ಲಗ್ ಬದಲಿಸಿ, ‘ಟ್ಯೂನಿಂಗ್’ ಮಾಡಿ 6,200 ರೂಪಾಯಿ ತಗೊಂಡರು. ತಿಂಗಳೊಳಗೆ ಮತ್ತೆ ಅದೇ ರಾಗ. ಎರಡನೇ ಸಲ ಹೋದಾಗ ಅಲ್ಲಿನವರು ಬಾನೆಟ್ ಎತ್ತಿ, ರೇಸ್ ಕೊಟ್ಟು, ಕಿವಿಗೊಟ್ಟು, ‘ಎಂಜಿನ್ ವೀಕಾಗಿದೆ, ಬೋರ್ ಮಾಡಿಸಬೇಕು, ನಲವತ್ತು ಸಾವಿರದ ಹತ್ತಿರ ಆಗುತ್ತೆ’ ಅಂದರು. ಅಪ್ಪ ಫೋನ್ ನನಗೆ ಕೊಟ್ಟರು. ಆ ಕಡೆಯಿಂದ ಬಂದ ಮಾತು: ‘ಸರ್, ಇಷ್ಟು ಹಳೆ ಗಾಡಿಗೆ ಖರ್ಚು ಮಾಡೋದು ವೇಸ್ಟ್.’ ನನಗೆ ಖುಷಿಯೇ ಆಯಿತು ಅನ್ನಿ. ನನ್ನ ಮನಸ್ಸಿನಲ್ಲಿದ್ದದ್ದನ್ನು ಒಬ್ಬ ತಜ್ಞ ಹೇಳಿದ್ದ.

ಆ ತಜ್ಞ ಎಂಜಿನ್ ಒಳಗೆ ನೋಡಿರಲಿಲ್ಲ. ಕಂಪ್ರೆಷನ್ ಗೇಜ್ ಹಚ್ಚಿರಲಿಲ್ಲ. ಒಂದು ನಟ್ಟು ಬಿಚ್ಚಿರಲಿಲ್ಲ. ನಾನಂತೂ 600 ಕಿಲೋಮೀಟರಿಗೂ ಆಚೆ ಕೂತಿದ್ದೆ. ಇಬ್ಬರೂ ಸೇರಿ ಸಾವಿನ ಸರ್ಟಿಫಿಕೇಟ್ ಬರೆದೆವು.

ಈಗ ನಿಮ್ಮನ್ನು ಕೇಳ್ತೀನಿ. ಇದನ್ನು ಓದುತ್ತಿರುವವರಲ್ಲಿ ಅರ್ಧ ಜನ ನನ್ನ ಹಾಗೆ ಸಾಫ್ಟ್‌ವೇರಿನವರೇ ಇರ್ತೀರಿ. ರಾತ್ರಿ ಎರಡಕ್ಕೆ ಪ್ರೊಡಕ್ಷನ್ ಸರ್ವರ್ ಬಿತ್ತು ಅಂದುಕೊಳ್ಳಿ. ಬೆಳಗಿನ ಕಾಲ್‌ನಲ್ಲಿ ನೀವು ‘ಸಿಸ್ಟಮ್ ಹಳೆಯದು ಸರ್, ಲಾಗ್ ನೋಡಿಲ್ಲ, ಹೊಸದು ತಗೊಳ್ಳೋಣ’ ಅಂದರೆ ಏನಾಗುತ್ತೆ? ರೂಟ್ ಕಾಸ್ ಎಲ್ಲಿ ಅಂತ ಮ್ಯಾನೇಜರ್ ಗಂಟಲು ಹಿಡಿಯುತ್ತಾನೆ. ಐದು ಸಲ ‘ಯಾಕೆ’ ಅಂತ ಕೇಳುವ ಪದ್ಧತಿಯನ್ನು ನಮಗೆ ಟ್ರೇನಿಂಗಿನಲ್ಲಿ ಕಲಿಸುತ್ತಾರೆ, ಅದು ಹುಟ್ಟಿದ್ದು ಟೊಯೊಟಾ ಕಾರ್ಖಾನೆಯಲ್ಲಿ. ಕಾರು ಮಾಡುವವರಿಂದ ಕಲಿತ ಪ್ರಶ್ನೆಯನ್ನು ನಾವು ಕಾರಿಗೆ ಮಾತ್ರ ಕೇಳೋದಿಲ್ಲ! ಫ್ರಿಜ್‌ಗೆ ಕೇಳೋದಿಲ್ಲ, ಮಿಕ್ಸಿಗೆ ಕೇಳೋದಿಲ್ಲ. ಒಂದು ಸಲವೂ ‘ಯಾಕೆ’ ಅನ್ನದೆ ‘ಎಷ್ಟು’ ಅಂತೀವಿ.

ಅಪ್ಪ ನನ್ನ ಶೀಟನ್ನು ಪೂರ್ತಿ ನೋಡಿದರು. ಕನ್ನಡಕ ತೆಗೆದು, ‘ಒಂದ್ ಸಲ ಆಟೋನಗರಕ್ಕ ಹೋಗಿ ಬರೋಣು’ ಅಂದರು.

ಬಸವಕಲ್ಯಾಣ ಅಂದರೆ ನಿಮಗೆ ವಚನ ನೆನಪಾಗುತ್ತೆ, ಹೆಚ್ಚೆಂದರೆ ಚಾಲುಕ್ಯರು. ಲಾರಿ ಡ್ರೈವರುಗಳನ್ನು ಕೇಳಿ, ಅವರಿಗೆ ನೆನಪಾಗೋದು ಆಟೋನಗರ. ಪುಣೆ–ಹೈದರಾಬಾದ್ ಹೆದ್ದಾರಿ ನಮ್ಮ ಊರ ಪಕ್ಕದಲ್ಲೇ ಹಾಯ್ದು ಹುಮನಾಬಾದ್ ಕಡೆ ಹೋಗುತ್ತೆ. ಹಿಂದೆ ಅದು ಎನ್‌ಎಚ್ 9, ಈಗ 65. ಬಸ್ ಕಂಡಕ್ಟರ್ ‘ಬಂಗ್ಲಾ, ಬಂಗ್ಲಾ’ ಅಂತ ಕೂಗುವ ಸಸ್ತಾಪುರ ಬಂಗ್ಲಾ ಆಸುಪಾಸಿನಲ್ಲಿ ಲಾರಿ ರಿಪೇರಿ, ಬಾಡಿ ಕಟ್ಟುವ ಕೆಲಸ, ಹಳೇ ಸಾಮಾನು, ವೆಲ್ಡಿಂಗಿನ ನೀಲಿ ಬೆಳಕು. ನನ್ನ ಬಾಲ್ಯದ ವಾಸನೆ ಅಂದರೆ ಡೀಸೆಲ್ಲು ಮತ್ತು ಸುಟ್ಟ ಗ್ರೀಸು. ಅದರಿಂದ ಓಡಿಹೋಗೋಕೆ ಅಂತಲೇ ನಾನು ಎಂಜಿನಿಯರಿಂಗ್ ಓದಿದ್ದು. ಎಂಜಿನ್ ಮುಟ್ಟದೆ ಎಂಜಿನಿಯರ್ ಆದದ್ದು ಬೇರೆ ಮಾತು.

ಉಸ್ತಾದ್ ಅರವತ್ತು ದಾಟಿದವರು. ನಾನು ಚಾಚಾ ಅಂತೀನಿ. ಅವರ ಮಗ ಅಪ್ಪನ ಹತ್ತಿರ ಓದಿದವನು, ಈಗ ಹೈದರಾಬಾದಿನ ಶೋರೂಮಿನಲ್ಲಿದ್ದಾನೆ. ನಾನು ಗ್ಯಾರೇಜಿನವರ ತೀರ್ಪು ಹೇಳಿದೆ.

‘ಬಿಚ್ಚಿ ನೋಡ್ಯಾರೇನು?’

‘ಇಲ್ಲ ಚಾಚಾ.’

‘ಮತ್ತ ಸತ್ತದ ಅಂತ ಹ್ಯಾಂಗ ಹೇಳಿದ್ರು ಬೇಟಾ?’

ಈ ಲೇಖನ ಅಷ್ಟಕ್ಕೇ ಮುಗೀಬೇಕಿತ್ತು. ಆದರೆ ಮುಂದಿನ ಒಂದೂವರೆ ದಿನದಲ್ಲಿ ನಾನು ನೋಡಿದ್ದನ್ನು ನಿಮಗೆ ಬಿಡಿಸಿ ಹೇಳದಿದ್ದರೆ ‘ಹಳ್ಳಿ ಮೆಕ್ಯಾನಿಕ್ ಗ್ರೇಟ್’ ಅನ್ನುವ ಇನ್ನೊಂದು ಫಾರ್ವರ್ಡ್ ಮೆಸೇಜ್ ಆಗಿಬಿಡುತ್ತೆ. ಉಸ್ತಾದ್ ಮಾಡಿದ್ದರಲ್ಲಿ ಮಂತ್ರ ಏನೂ ಇಲ್ಲ. ಅಳತೆ ಇತ್ತು, ಅಷ್ಟೇ.

ಮೊದಲು ಮೂರೂ ಪ್ಲಗ್ ತೆಗೆದು ಕಂಪ್ರೆಷನ್ ಗೇಜ್ ಹಚ್ಚಿದರು. ಮೂರು ಸಿಲಿಂಡರಿನ ನಡುವೆ ಒಂದು ಕೆಜಿಯಷ್ಟೂ ವ್ಯತ್ಯಾಸ ಬರಲಿಲ್ಲ. ಹತ್ತು ನಿಮಿಷದ ಕೆಲಸ. ನಲವತ್ತು ಸಾವಿರದ ‘ಬೋರ್’ ಅಲ್ಲಿಗೆ ಬಿದ್ದುಹೋಯಿತು. ಆಮೇಲೆ ಪ್ಲಗ್ಗುಗಳನ್ನು ಸಾಲಾಗಿ ಹಳೇ ಪೇಪರಿನ ಮೇಲಿಟ್ಟು ತೋರಿಸಿದರು. ಎರಡು ಕಪ್ಪಗೆ ಮಸಿ ಹಿಡಿದಿದ್ದವು, ಮೂರನೆಯದು ಸುಣ್ಣದ ಹಾಗೆ ಬಿಳಿ. ಒಂದೇ ಕಾರ್ಬೊರೇಟರಿನಿಂದ ಮೂರಕ್ಕೂ ಊಟ ಹೋಗುತ್ತೆ. ಇಬ್ಬರಿಗೆ ಹೊಟ್ಟೆ ಬಿರಿಯುವಷ್ಟು, ಒಬ್ಬನಿಗೆ ಉಪವಾಸ ಅಂದರೆ ತಪ್ಪು ಅಡುಗೆಮನೆಯಲ್ಲಿಲ್ಲ, ಬಡಿಸುವ ದಾರಿಯಲ್ಲಿದೆ. ಆ ದಾರಿಯೇ ಇನ್‌ಟೇಕ್ ಮ್ಯಾನಿಫೋಲ್ಡ್. ಕಾರ್ಬೊರೇಟರ್ ಕೆಳಗೆ ಕೂತು, ಗಾಳಿ–ಪೆಟ್ರೋಲಿನ ಮಿಶ್ರಣವನ್ನು ಮೂರು ಕವಲಾಗಿ ಹಂಚುವ ಅಲ್ಯೂಮಿನಿಯಂ ಎರಕ. ಅದಕ್ಕೂ ಸಿಲಿಂಡರ್ ಹೆಡ್‌ಗೂ ನಡುವೆ ಒಂದು ಗ್ಯಾಸ್ಕೆಟ್. ನಮ್ಮ ಕಡೆ ಅದನ್ನು ‘ಪ್ಯಾಕಿಂಗ್’ ಅಂತಾರೆ.

ನಿಂತಾಗಲೇ ಯಾಕೆ ಸಾಯುತ್ತೆ ಅನ್ನೋದಕ್ಕೂ ಉತ್ತರ ಅಲ್ಲೇ ಇತ್ತು. ಕಾಲು ತೆಗೆದಾಗ ಥ್ರಾಟಲ್ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತೆ, ಪಿಸ್ಟನ್ನುಗಳು ಮಾತ್ರ ಎಳೆಯುತ್ತಲೇ ಇರುತ್ತವೆ. ಮ್ಯಾನಿಫೋಲ್ಡಿನ ಒಳಗೆ ನಿರ್ವಾತ. ಆಗ ಗ್ಯಾಸ್ಕೆಟ್ಟಿನಲ್ಲಿ ಎಳ್ಳಿನಷ್ಟು ಸಂದಿಯಿದ್ದರೂ ಹೊರಗಿನ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತೆ. ಹೈವೇ ಮೇಲೆ ಥ್ರಾಟಲ್ ಪೂರ್ತಿ ತೆರೆದಾಗ ಬಾಗಿಲಿನಿಂದಲೇ ಅಷ್ಟೊಂದು ಗಾಳಿ ಹೋಗುತ್ತಿರುವಾಗ ಕಿಂಡಿಯಿಂದ ಬರುವ ಚೂರು ಗಾಳಿಗೆ ಯಾವ ಲೆಕ್ಕ?

ನಾನು ಆನ್‌ಲೈನಿನಲ್ಲಿ ತರಿಸಿದ್ದ ವ್ಯಾಕ್ಯೂಮ್ ಗೇಜ್ ಹೊರತೆಗೆದೆ. (ಗುಜರಿಗೆ ಹಾಕೋಕೆ ಬಂದವನು ಗೇಜ್ ಯಾಕೆ ತಂದಿದ್ದೆ ಅಂತ ಕೇಳಬೇಡಿ. ಅಮೆಜಾನ್ ಸೇಲ್ ಇತ್ತು.) ಮುಳ್ಳು 11 ಇಂಚಿನ ಹತ್ತಿರ ನಿಂತಿತು. ಯೂಟ್ಯೂಬಿನ ಅಮೆರಿಕದವನು 18ರಿಂದ 20 ಬರಬೇಕು ಅಂತಾನೆ, ಆದರೆ ಅದು ಸಮುದ್ರಮಟ್ಟದ ಲೆಕ್ಕ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಕಳೀಬೇಕು. ಬಸವಕಲ್ಯಾಣ ಎರಡು ಸಾವಿರ ಅಡಿಯ ಮೇಲಿದೆ, ಅಂದರೆ ಇಲ್ಲಿ 16–18 ಬಂದರೆ ಆರೋಗ್ಯ. ಬೆಂಗಳೂರಿನಲ್ಲಿ 15 ಬಂದರೂ ಗಾಬರಿಯಾಗಬೇಕಿಲ್ಲ. 11 ಮಾತ್ರ ಎಲ್ಲಿಯೂ ಸರಿಯಲ್ಲ. ಮುಳ್ಳು ಅಲ್ಲಾಡದೆ ಕೆಳಗೇ ನಿಂತಿದೆ ಅಂದರೆ ಒಂದೋ ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿದೆ, ಇಲ್ಲಾ ಮ್ಯಾನಿಫೋಲ್ಡ್ ಸೋರುತ್ತಿದೆ. ಉಸ್ತಾದ್ ಟೈಮಿಂಗ್ ನೋಡಿದರು, ಸರಿಯಿತ್ತು. ನಾನು ಸ್ಪ್ರೇ ಡಬ್ಬಿ ಎತ್ತಿಕೊಂಡೆ, ವಿಡಿಯೋಗಳಲ್ಲಿ ಕಾರ್ಬ್ ಕ್ಲೀನರ್ ಹೊಡೆದು ಸೋರಿಕೆ ಹುಡುಕುತ್ತಾರಲ್ಲ, ಹಾಗೆ. ಕೈಮೇಲೆ ಪಟ್ ಅಂತ ಒಂದು ಏಟು ಬಿತ್ತು. ‘ಸೈಲೆನ್ಸರ್ ಕಾದದ, ಬೆಂಕಿ ಹಚ್ತೀ ಏನು?’ ಬಾಟಲಿಯ ಮುಚ್ಚಳಕ್ಕೆ ತೂತು ಕೊರೆದು ನೀರು ಚಿಮುಕಿಸಿದರು. ಮೂರನೇ ಸಿಲಿಂಡರಿನ ಕೆಳಗೆ ನೀರು ಬಿದ್ದ ಕೂಡಲೇ ಎಂಜಿನ್ನಿನ ದನಿ ಬದಲಾಯಿತು. ಸಣ್ಣ ರಬ್ಬರ್ ಪೈಪಿನ ಒಂದು ತುದಿ ನನ್ನ ಕಿವಿಗಿಟ್ಟು ಇನ್ನೊಂದನ್ನು ಅಲ್ಲಿ ಹಿಡಿದರು. ಸುಸ್ಸ್ ಅಂತ ಸದ್ದು.

‘ಹವಾ ಕುಡೀಲಾಕತ್ತದ,’ ಅಂದರು.

ಬಿಚ್ಚೋದು ಮರುದಿನಕ್ಕೆ. ಎಂಜಿನ್ ತಣ್ಣಗಾಗಬೇಕು, ತುಕ್ಕು ಹಿಡಿದ ಸ್ಟಡ್‌ಗಳಿಗೆ ರಾತ್ರಿಯಿಡೀ ಎಣ್ಣೆ ಇಳೀಬೇಕು. ಅವಸರದಲ್ಲಿ ತಿರುಗಿಸಿ ಹೆಡ್ಡಿನೊಳಗೆ ಸ್ಟಡ್ ಮುರಿದರೆ ಇನ್ನೂರು ರೂಪಾಯಿ ಕೆಲಸ ಎರಡು ಸಾವಿರಕ್ಕೆ ಹೋಗುತ್ತೆ. ಬೆಳಿಗ್ಗೆ ಬ್ಯಾಟರಿಯ ಅರ್ಥ್ ತೆಗೆದರು, ರೇಡಿಯೇಟರ್ ನೀರು ಇಳಿಸಿದರು. ಈ ಮ್ಯಾನಿಫೋಲ್ಡಿನ ಒಳಗೇ ಎಂಜಿನ್ನಿನ ಬಿಸಿನೀರು ಹಾಯುವ ದಾರಿ ಇದೆ, ಪೆಟ್ರೋಲು ಸರಿಯಾಗಿ ಆವಿಯಾಗಲಿ ಅಂತ. ನೀರು ಇಳಿಸದೆ ಬಿಚ್ಚಿದರೆ ಅದು ಸೀದಾ ಸಿಲಿಂಡರಿಗೆ ಸುರಿಯುತ್ತೆ. ಏರ್ ಕ್ಲೀನರ್ ಡಬ್ಬ, ಆಕ್ಸಿಲರೇಟರ್ ಕೇಬಲ್, ಚೋಕ್ ಕೇಬಲ್, ಪೆಟ್ರೋಲ್ ಪೈಪು. ಪೈಪಿನ ಬಾಯಿಗೆ ಒಂದು ಬೋಲ್ಟ್ ತುರುಕಿದರು. ಸಣ್ಣ ವ್ಯಾಕ್ಯೂಮ್ ಪೈಪುಗಳಿಗೆ ಒಂದೊಂದು ಬಣ್ಣದ ದಾರ ಕಟ್ಟಿದರು, ಎರಡೂ ತುದಿಗೆ ಅದೇ ಬಣ್ಣ. ನಾನು ಮೊಬೈಲಿನಲ್ಲಿ ಫೋಟೋ ತೆಗೆದೆ. ಜೋಡಿಸುವಾಗ ಕೆಲಸಕ್ಕೆ ಬಂದದ್ದು ದಾರ. ಫೋಟೋದಲ್ಲಿ ಎಲ್ಲ ಪೈಪೂ ಕಪ್ಪೇ.

ಮೇಲಿನ ನಟ್ಟುಗಳು ಸುಲಭವಾಗಿ ಬಂದವು. ಕೆಳಗಿನವು ಕಣ್ಣಿಗೆ ಕಾಣೋದಿಲ್ಲ, ಪಾನಾ ಹಿಡಿದು ಕೈಯಳತೆಯಲ್ಲೇ ಹುಡುಕಬೇಕು. ಉಸ್ತಾದ್ ಕೈ ಒಳಗೆ ಬಿಟ್ಟು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ನನ್ನ ಬೆರಳು ಹಿಡಿದು ಅಲ್ಲಿಗೆ ಒಯ್ದರು. ಸ್ಟಡ್ ಇತ್ತು. ಅದರ ಮೇಲೆ ನಟ್ಟೇ ಇರಲಿಲ್ಲ.

ಸಡಿಲ ಆಗಿರಲಿಲ್ಲ, ಸವೆದಿರಲಿಲ್ಲ. ಇರಲೇ ಇಲ್ಲ. ಯಾರೋ ಯಾವಾಗಲೋ ಬಿಚ್ಚಿದವರು ಕೈ ಹೋಗದ ಜಾಗಕ್ಕೆ ನಟ್ಟು ಹಾಕೋದನ್ನು ಬಿಟ್ಟು, ಅದರ ಬದಲು ಸಿಲಿಕಾನ್ ಅಂಟು ಮೆತ್ತಿದ್ದರು. ಮ್ಯಾನಿಫೋಲ್ಡ್ ಹೊರಗೆ ಬಂದಾಗ ಆ ಅಂಟು ಮೂರನೇ ಕವಲಿನ ಒಳಗೆ ಬಬಲ್‌ಗಮ್ಮಿನ ಹಾಗೆ ಜೋತು ಬಿದ್ದಿತ್ತು. ಪೆಟ್ರೋಲ್ ತಾಗುವ ಜಾಗದಲ್ಲಿ ಸಾಮಾನ್ಯ ಸಿಲಿಕಾನ್ ಅಂಟು ಉಬ್ಬಿ ಕಿತ್ತು ಬರುತ್ತೆ ಅನ್ನೋದು ಆಟೋನಗರದ ಹನ್ನೆರಡು ವರ್ಷದ ಹುಡುಗನಿಗೂ ಗೊತ್ತು ಅಂತ ಬರೆಯುತ್ತಿದ್ದೆ. ಹನ್ನೆರಡು ವರ್ಷದ ಹುಡುಗ ಅಲ್ಲಿರಬಾರದು, ಶಾಲೆಯಲ್ಲಿರಬೇಕು. ಉಸ್ತಾದರ ಹತ್ತಿರ ಇದ್ದ ಇಬ್ಬರಿಗೂ ಇಪ್ಪತ್ತು ದಾಟಿತ್ತು ಅನ್ನೋದನ್ನೂ ಹೇಳಿಬಿಡ್ತೀನಿ.

ತೆರೆದ ಮೂರು ಬಾಯಿಗೆ ಮೂರು ಬಟ್ಟೆ ತುರುಕಿ, ‘ಮೂರು’ ಅಂತ ಜೋರಾಗಿ ಎಣಿಸಿ ಹೇಳಿಸಿದರು. ಮುಚ್ಚುವ ಮುಂಚೆ ಮತ್ತೆ ಮೂರು ಎಣಿಸಬೇಕಂತೆ. ಹಳೇ ಪ್ಯಾಕಿಂಗ್ ಕೆರೆಯೋಕೆ ಗ್ರೈಂಡರ್ ಮುಟ್ಟಲಿಲ್ಲ, ಮೊಂಡು ಪಟ್ಟಿ ಮತ್ತು ತಾಳ್ಮೆ. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಒಂದು ಗೀರು ಬಿದ್ದರೆ ಅದೇ ಹೊಸ ಸೋರಿಕೆ. ಆಮೇಲೆ ಸ್ಟೀಲಿನ ನೇರ ಪಟ್ಟಿಯನ್ನು ಮುಖದ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಫೀಲರ್ ಗೇಜಿನ ಎಲೆ ತೂರಿಸಿ ನೋಡಿದೆವು. ಈ ಜಾತಿಯ ಎಂಜಿನ್ನುಗಳಿಗೆ ಸಾಮಾನ್ಯವಾಗಿ ಹೇಳುವ ಮಿತಿ 0.1 ಮಿಲಿಮೀಟರ್, ತಲೆಗೂದಲಿನ ದಪ್ಪ ಅನ್ನಿ. ಮೂರನೇ ಕವಲಿನ ತುದಿಯಲ್ಲಿ 0.25ರ ಎಲೆ ಸರಾಗ ಒಳಗೆ ಹೋಯಿತು. ಒಂದು ಕಡೆ ನಟ್ಟಿಲ್ಲದೆ ವರ್ಷಗಟ್ಟಲೆ ಕಾದು ತಣಿದು ಬಾಗಿತ್ತು.

ಇನ್ನು ಬಿರುಕು. ಇದು ನನಗೆ ಇಡೀ ಒಂದೂವರೆ ದಿನದಲ್ಲಿ ಬಹಳ ಹಿಡಿಸಿದ ಕೆಲಸ. ಮ್ಯಾನಿಫೋಲ್ಡಿಗೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಒಣಬಟ್ಟೆಯಿಂದ ಪೂರ್ತಿ ಒರೆಸಿದರು. ‘ಮಾಸ್ತರ್ರ, ಸುಣ್ಣಕಡ್ಡಿ ಅದಾವೇನ್ರಿ?’ ಅಂದರು. ರಿಟೈರ್ ಆಗಿ ಹತ್ತು ವರ್ಷ ಆದಮೇಲೂ ಅಪ್ಪನ ಜುಬ್ಬಾದ ಜೇಬಿನಲ್ಲಿ ಎರಡು ತುಂಡು ಸೀಮೆಸುಣ್ಣ ಇದ್ದವು. ಪುಡಿ ಮಾಡಿ ಮೇಲೆ ಉದುರಿಸಿದರು. ಬಿರುಕಿದ್ದರೆ ಅದರೊಳಗೆ ಉಳಿದ ಎಣ್ಣೆ ಸುಣ್ಣವನ್ನು ಒದ್ದೆ ಮಾಡಿ ಗೆರೆಯಾಗಿ ಕಾಣಬೇಕು. ವಿಮಾನದ ಬಿಡಿಭಾಗಗಳ ಬಿರುಕು ಹುಡುಕುವ ಬಣ್ಣದ ದ್ರಾವಣದ ಪರೀಕ್ಷೆಗೂ ಇದೇ ತತ್ತ್ವ. ರೈಲ್ವೆಯವರು ಗಾಲಿ, ಅಚ್ಚುಗಳಿಗೆ ಹಿಂದೆ ಮಾಡುತ್ತಿದ್ದದ್ದು ಎಣ್ಣೆ–ಸುಣ್ಣದ ಇದೇ ಪರೀಕ್ಷೆ. ಐವರೂ ಬಗ್ಗಿ ನೋಡಿದೆವು. ಗೆರೆ ಮೂಡಲಿಲ್ಲ. ನೀರಿನ ದಾರಿಯಲ್ಲಿ ಮಾತ್ರ ಬೋರ್‌ವೆಲ್ ನೀರಿನ ಬಿಳಿ ಗಾರೆ ಕಟ್ಟಿತ್ತು, ಅದು ಕೂಲಂಟ್ ಹಾಕದೆ ಬರೀ ನೀರು ಹಾಕಿದ ಅಪ್ಪನ ತಪ್ಪು. ಅವರಿಗೆ ಅಲ್ಲೇ ಪಾಠ ಆಯಿತು.

ದಪ್ಪ ಗಾಜಿನ ಮೇಲೆ ಎಮರಿ ಪೇಪರ್ ಅಂಟಿಸಿ, ಎಣ್ಣೆ ಹನಿಸಿ, ಮ್ಯಾನಿಫೋಲ್ಡಿನ ಮುಖವನ್ನು ಇಂಗ್ಲಿಷ್ 8ರ ಆಕಾರದಲ್ಲಿ ತಿಕ್ಕಬೇಕು. ಆ ಕೆಲಸ ನನಗೆ ಕೊಟ್ಟರು. ಎರಡು ತಾಸು. ಪ್ರತಿ ಹತ್ತು ನಿಮಿಷಕ್ಕೆ ಒರೆಸಿ ಪಟ್ಟಿಯಿಟ್ಟು ಅಳೆಯೋದು. ಕೊನೆಗೆ 0.1ರ ಎಲೆಯೂ ಎಲ್ಲೂ ತೂರಲಿಲ್ಲ. ಹೊಸ ಪ್ಯಾಕಿಂಗ್, ನಡುವಿನಿಂದ ಹೊರಕ್ಕೆ ಮೂರು ಸುತ್ತಿನಲ್ಲಿ ಬಿಗಿ, ಎಲ್ಲ ನಟ್ಟೂ. ಎಲ್ಲ ಅಂದರೆ ಎಲ್ಲ. ಸ್ಟಾರ್ಟ್ ಮಾಡಿ, ಆಮೇಲೆ ಕಾರ್ಬೊರೇಟರಿನ ಮಿಕ್ಸರ್ ಸ್ಕ್ರೂ ಸರಿಮಾಡಿದರು. ಗೇಜ್ 17 ತೋರಿಸಿತು. ಸ್ಟೀಲ್ ಲೋಟದಲ್ಲಿ ನೀರು ತುಂಬಿ ಏರ್ ಕ್ಲೀನರ್ ಮೇಲೆ ಇಟ್ಟರು, ಚೆಲ್ಲಲಿಲ್ಲ.

ಪ್ಯಾಕಿಂಗ್, ಕೂಲಂಟ್, ನಟ್ಟು, ಮಜೂರಿ ಸೇರಿ 2,300 ರೂಪಾಯಿ. ನಟ್ಟಿಗೆ ದುಡ್ಡು ಬೇಡ ಅಂದರು.

ಸರಿ, ಈಗ ನಿಮ್ಮ ತಕರಾರುಗಳು. ನನಗೆ ಗೊತ್ತು, ಒಂದು ಕಾಲದಲ್ಲಿ ನನ್ನವೂ ಇವೇ.

ಹಳೇ ಗಾಡಿ ಹೊಗೆ ಉಗುಳುತ್ತೆ ಅಂತೀರಿ. ಉಗುಳುತ್ತೆ. ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಕಾರ್ಬೊರೇಟರ್ ಗಾಡಿ ಇವತ್ತಿನ ಬಿಎಸ್6 ಗಾಡಿಗಿಂತ ಎಷ್ಟೋ ಪಟ್ಟು ಕೊಳಕು, ಇದರಲ್ಲಿ ವಾದವೇ ಇಲ್ಲ. ಆದರೆ ಎಷ್ಟು ಕೊಳಕು ಅನ್ನೋದನ್ನು ಅಳೆಯಿರಿ. ಭಾರತ್ ಸ್ಟೇಜ್ ಪೂರ್ವದ ಇಂಥ ಕಾರಿಗೆ ನಿಂತಲ್ಲಿ ಇಂಗಾಲದ ಮಾನಾಕ್ಸೈಡ್ ಮಿತಿ 3%. ಬಿಚ್ಚುವ ಮೊದಲು ಅಪ್ಪನ ಕಾರು 4 ದಾಟಿತ್ತು, ರಿಪೇರಿ ಆದಮೇಲೆ 1.6. ಆ 4 ಎಲ್ಲಿಂದ ಬಂತು ಗೊತ್ತಾ? ಸೋರಿಕೆಯಿಂದ ಮಿಶ್ರಣ ತೆಳುವಾಗಿ ಎಂಜಿನ್ ಸಾಯುತ್ತಿತ್ತು. ‘ಟ್ಯೂನಿಂಗ್’ ಮಾಡಿದವರು ಕಾರಣ ಹುಡುಕದೆ ಸ್ಕ್ರೂ ತಿರುಗಿಸಿ ಮೂರೂ ಸಿಲಿಂಡರಿಗೆ ಪೆಟ್ರೋಲ್ ಹೆಚ್ಚಿಸಿದ್ದರು. ಹಸಿದವನೊಬ್ಬನಿಗಾಗಿ ಇಬ್ಬರಿಗೆ ಅಜೀರ್ಣ. ಹೊಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕಾರಿನ ವಯಸ್ಸಿನದಲ್ಲ, ಮಿಸ್ತ್ರಿಯ ಸೋಮಾರಿತನದ್ದು.

ತಮಾಷೆ ಏನಂದರೆ ಈ ವಿಷಯದಲ್ಲಿ ಸರ್ಕಾರದ ಕಾಗದ ನಮಗಿಂತ ವಾಸಿ. 2021ರ ಆಗಸ್ಟಿನಲ್ಲಿ ಬಂದ ಸ್ಕ್ರ್ಯಾಪೇಜ್ ನೀತಿ ಖಾಸಗಿ ಕಾರಿಗೆ ‘15 ವರ್ಷ ಆಯಿತು, ಸಾಯಿ’ ಅನ್ನೋದಿಲ್ಲ. ಪರೀಕ್ಷೆ ಮಾಡು, ಫೇಲಾದರೆ ಕಳಿಸು ಅನ್ನುತ್ತೆ. ದೆಹಲಿಯಲ್ಲಿ ಮಾತ್ರ ಕೋರ್ಟಿನ ಆದೇಶದಿಂದ ವಯಸ್ಸೇ ಅಳತೆಗೋಲಾಗಿತ್ತು, ಅಲ್ಲಿಯೂ 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಬರೀ ವಯಸ್ಸು ನೋಡಿ ಬಲವಂತದ ಕ್ರಮ ಬೇಡ ಅಂದಿತು. ಹಾಗಂತ ಸರ್ಕಾರವನ್ನು ಹೊಗಳೋಕೂ ಆಗೋದಿಲ್ಲ. ಕಾರಿನ ನೋಂದಣಿ ನವೀಕರಣ 2022ರ ಏಪ್ರಿಲ್ 1ರಿಂದ 600ರಿಂದ 5,000ಕ್ಕೆ ಹಾರಿತು, 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಆಯಿತು. ಕಾನೂನು ಪರೀಕ್ಷೆ ಮಾಡು ಅನ್ನುತ್ತೆ, ಫೀಸು ವಯಸ್ಸು ಕೇಳುತ್ತೆ.

ಇದರ ಮೇಲೆ ಪೆಟ್ರೋಲಿಗೆ 20% ಎಥನಾಲ್. ಎಥನಾಲಿನಲ್ಲಿ ಆಮ್ಲಜನಕ ಇರೋದರಿಂದ ಕಾರ್ಬೊರೇಟರಿನ ಮಿಶ್ರಣ ತಾನಾಗೇ ತೆಳುವಾಗುತ್ತೆ. ಸರಿಪಡಿಸೋಕೆ ಅದರಲ್ಲಿ ಕಂಪ್ಯೂಟರಿಲ್ಲ. ಹಳೇ ರಬ್ಬರ್ ಪೈಪು, ಪ್ಯಾಕಿಂಗುಗಳಿಗೂ ಅದು ಒಗ್ಗೋದಿಲ್ಲ. ಮೈಲೇಜ್ 6–7% ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಹಳೇ ವಿನ್ಯಾಸದ ಕಾರುಗಳ ಬಗ್ಗೆ ಬರೆದಿತ್ತು. ನಮ್ಮ ಬೀದರ್ ಜಿಲ್ಲೆಯ ಕಬ್ಬಿನ ರೈತನಿಗೆ ಇದರಿಂದ ನಾಲ್ಕು ಕಾಸು ಸಿಕ್ಕರೆ ನಾನು ಬೇಡ ಅನ್ನೋನಲ್ಲ. ಆದರೆ ಹಳೇ ಗಾಡಿಗೆ ಯಾವ ಪೈಪ್ ಬದಲಿಸಬೇಕು, ಯಾವ ಸ್ಕ್ರೂ ಎಷ್ಟು ತಿರುಗಿಸಬೇಕು ಅಂತ ಆಟೋನಗರದ ಉಸ್ತಾದ್‌ಗಳಿಗೆ ಅವರ ಭಾಷೆಯಲ್ಲಿ ಒಂದು ಹಾಳೆ ಹಂಚೋಕೆ ಎಷ್ಟು ಖರ್ಚಾಗುತ್ತೆ?

ಸುರಕ್ಷತೆ ಅಂತೀರಾ, ಅಲ್ಲಿ ನೀವೇ ಗೆದ್ದಿರಿ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ತಗಡು ತೆಳು. ಲಾರಿಗಳ ನಡುವೆ ಹೈವೇ ಮೇಲೆ ಅವ್ವನನ್ನು ಕೂರಿಸಿಕೊಂಡು ಈ ಕಾರು ಓಡಿಸಬಾರದು ಅನ್ನೋದು ನನ್ನ ವಾದ ಆಗಲೂ ಇತ್ತು, ಈಗಲೂ ಇದೆ. ಆದರೆ ಗ್ಯಾರೇಜಿನವನು ಹೇಳಿದ್ದು ಅದಲ್ಲವಲ್ಲ. ‘ಈ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ’ ಅಂದಿದ್ದರೆ ಅದು ನಿಜ. ‘ಎಂಜಿನ್ ಸತ್ತಿದೆ’ ಅಂದದ್ದು ಸುಳ್ಳು. ನನಗೆ ಬೇಕಾದ ತೀರ್ಮಾನಕ್ಕೆ ಹೊಂದುತ್ತಿತ್ತು ಅಂತ ನಾನು ಆ ಸುಳ್ಳನ್ನು ಒಪ್ಪಿಕೊಂಡೆ. ನನ್ನ ಜಗಳ ಇರೋದು ಇದರ ಜೊತೆ.

ಟೈಮ್ ಇಲ್ಲ ಅನ್ನೋದು ಕೊನೆಯ ತಕರಾರು. ಹೊಸ ಕಾರು ನೋಡೋಕೆ ನಾನು ಮೂರು ವೀಕೆಂಡು, ಹನ್ನೊಂದು ರಿವ್ಯೂ ವಿಡಿಯೋ ಖರ್ಚು ಮಾಡಿದ್ದೆ. ಮುಂದಕ್ಕೆ ಹೋಗೋಣ.

ನಿಮ್ಮ ಹೊಸ ಕಾರಿನ ಮಾತಿಗೆ ಬರ್ತೀನಿ, ಯಾಕಂದರೆ ನಿಮಗೆ 1998ರ ಮಾಡೆಲ್ ಇರೋದಿಲ್ಲ. ಈಗಿನ ಬಹಳಷ್ಟು ಕಾರುಗಳಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ ಪ್ಲಾಸ್ಟಿಕ್ಕಿನದು. ಹಗುರ, ಒಳಗೆ ನುಣುಪು, ಗಾಳಿಯನ್ನು ಬಿಸಿ ಮಾಡೋದಿಲ್ಲ, ಒಳ್ಳೇ ಕಾರಣಗಳೇ. ಆದರೆ ಬಾಗಿದರೆ ಗಾಜಿನ ಮೇಲೆ ತಿಕ್ಕಿ ಸರಿಮಾಡೋಕೆ ಬರೋದಿಲ್ಲ. ಅಷ್ಟಾದರೂ ಸೋರೋದು ಬಹಳ ಸಲ ಮ್ಯಾನಿಫೋಲ್ಡ್ ಅಲ್ಲ, ಅದರ ರಬ್ಬರ್ ಸೀಲು, ಪಕ್ಕದ ಸಣ್ಣ ಪೈಪು. ‘ಚೆಕ್ ಎಂಜಿನ್’ ದೀಪ ಹತ್ತಿದಾಗ ಸ್ಕ್ಯಾನರ್ ‘ಮಿಶ್ರಣ ತೆಳು’ ಅಂತ ಕೋಡ್ ತೋರಿಸುತ್ತೆ. ಕೋಡ್ ಹೇಳೋದು ಲಕ್ಷಣ. ಜ್ವರ ಇದೆ ಅಂದ ಥರ್ಮಾಮೀಟರನ್ನೇ ಡಾಕ್ಟರ್ ಅಂದುಕೊಂಡು ಸೆನ್ಸರ್ ಬದಲಿಸಿ, ಅದಾಗದಿದ್ದರೆ ಥ್ರಾಟಲ್ ಬಾಡಿ ಬದಲಿಸಿ, ಬಿಲ್ ಕೈಗಿಡುತ್ತಾರೆ. ಮುಂದಿನ ಸಲ ಸರ್ವಿಸ್ ಅಡ್ವೈಸರ್ ‘ಅಸೆಂಬ್ಲಿ ಚೇಂಜ್ ಮಾಡ್ಬೇಕು ಸರ್’ ಅಂದಾಗ ಒಂದೇ ಪ್ರಶ್ನೆ ಕೇಳಿ: ಯಾವ ಪರೀಕ್ಷೆ ಮಾಡಿ ಗೊತ್ತಾಯಿತು, ರೀಡಿಂಗ್ ಎಷ್ಟು? ಹಳೇ ಭಾಗವನ್ನು ಕೊಡಿ ಅನ್ನಿ. ಮುಜುಗರ ಬೇಡ. ಹೋಟೆಲಿನಲ್ಲಿ ನಲವತ್ತು ರೂಪಾಯಿ ಸರ್ವಿಸ್ ಚಾರ್ಜಿಗೆ ಜಗಳ ಮಾಡ್ತೀವಿ.

2012ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನ ಜನ ಓಟು ಹಾಕಿ, ಕಂಪನಿಗಳು ರಿಪೇರಿ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೂ ಕೊಡಬೇಕು ಅಂತ ಕಾನೂನು ತಂದರು. ನಮ್ಮಲ್ಲಿ 2022ರ ಜುಲೈನಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕು’ ಅಂತ ಸಮಿತಿ ಮಾಡಿತು, ವಾಹನಗಳನ್ನೂ ಅದರಲ್ಲಿ ಸೇರಿಸಿತು; ಡಿಸೆಂಬರಿನಲ್ಲಿ ಪೋರ್ಟಲ್ ಬಂತು. ಪೋರ್ಟಲ್ಲಿಗೆ ನಟ್ಟು ಬಿಗಿಯೋಕೆ ಬರೋದಿಲ್ಲ. ಉಸ್ತಾದರ ಮಗ ಶೋರೂಮಿನಲ್ಲಿ ಮಾಡೋದು ಬರೀ ಅಸೆಂಬ್ಲಿ ಬದಲಿಸುವ ಕೆಲಸ, ಅಳೆಯೋಕೆ ಟೈಮೇ ಕೊಡೋದಿಲ್ಲವಂತೆ. ಅಪ್ಪನ ಕೈಲಿದ್ದದ್ದು ಮಗನ ಕೈಗೆ ಬರಲಿಲ್ಲ. ಅವನಿಗೆ ಸಂಬಳ, ಪಿಎಫ್, ಯೂನಿಫಾರಂ ಇದೆ, ಬಿಟ್ಟು ವಾಪಸ್ ಬಾ ಅನ್ನೋಕೆ ನನಗೆ ಯಾವ ಬಾಯಿದೆ?

ಒಂದು ಮಾತು ಹೇಳದೆ ಹೋದರೆ ಹೊಟ್ಟೆ ಉಬ್ಬುತ್ತೆ. ನಮ್ಮ ಕಂಪನಿಯ ಟೌನ್‌ಹಾಲಿನಲ್ಲಿ ರಾಜ್ಯೋತ್ಸವಕ್ಕೆ ಎಚ್‌ಆರ್‌ನವರು ಬಸವಣ್ಣನ ಚಿತ್ರದ ಕೆಳಗೆ ‘ಕಾಯಕ’ ಅಂತ ದೊಡ್ಡದಾಗಿ ಹಾಕಿದ್ದರು, ಮುಂದಿನ ಸ್ಲೈಡು ವಾರಕ್ಕೆ ಐದು ದಿನ ಆಫೀಸಿಗೆ ಬರಬೇಕು ಅನ್ನೋದು. ಎಲ್ಲರೂ ಚಪ್ಪಾಳೆ ತಟ್ಟಿದೆವು. 12ನೇ ಶತಮಾನದ ಕಲ್ಯಾಣದಲ್ಲಿ ಆ ಪದ ಹಿಡಿದು ಬದುಕಿದವರು ಚಪ್ಪಲಿ ಹೊಲಿಯುವ, ಹಗ್ಗ ಹೊಸೆಯುವ, ಬಟ್ಟೆ ಒಗೆಯುವ, ದೋಣಿ ನಡೆಸುವ ಜನ. ಅದೇ ಕಲ್ಯಾಣದಲ್ಲಿ ಇವತ್ತು ಕಣ್ಣಿಗೆ ಕಾಣದ ಸ್ಟಡ್ಡಿಗೂ ನಟ್ಟು ಹಾಕುವವನೊಬ್ಬ ಇದ್ದಾನೆ. ಅವನ ಕೈ ಮುಗಿಯಬೇಕಿಲ್ಲ. ಬಿಲ್ಲಿನಲ್ಲಿ ಚೌಕಾಸಿ ಮಾಡದಿದ್ದರೆ ಸಾಕು.

ಈಗಿನ ಸ್ಥಿತಿ ಹೀಗಿದೆ. ಕಲಬುರಗಿ ಆಸ್ಪತ್ರೆಗೆ ಬಾಡಿಗೆ ಕಾರು, ದುಡ್ಡು ನನ್ನದು. ಅಪ್ಪ ಮೊದಲು ಮುನಿಸಿಕೊಂಡರು, ಅವ್ವ ‘ಎಸಿ ಅದ’ ಅಂದಮೇಲೆ ಒಪ್ಪಿದರು. 800 ಊರೊಳಗೆ, ಸಂತೆಗೆ, ನಾರಾಯಣಪುರದಿಂದ ಬಂಗ್ಲಾ ತನಕ. ಅದರ ನೋಂದಣಿ 2028ರ ತನಕ ಇದೆ, ಆಮೇಲೆ ಹತ್ತು ಸಾವಿರ ಕಟ್ಟಬೇಕೋ ಬೇಡವೋ ಅನ್ನೋದು ಅಪ್ಪ ಮತ್ತು ನನ್ನ ಮುಂದಿನ ಜಗಳ. ಆ ಗ್ಯಾರೇಜಿಗೆ ಫೋನ್ ಮಾಡಿ ನಟ್ಟಿನ ವಿಷಯ ಹೇಳಿದೆ. ‘ಹೌದಾ ಸರ್? ನಮ್ಮ ಹುಡುಗರು ಹಾಗೆ ಮಾಡೋದಿಲ್ಲ’ ಅಂದು, ಮುಂದಿನ ಸರ್ವಿಸಿಗೆ 10% ಡಿಸ್ಕೌಂಟ್ ಕೊಡ್ತೀವಿ ಅಂದರು. ನನ್ನ ವ್ಯಾಕ್ಯೂಮ್ ಗೇಜನ್ನು ಉಸ್ತಾದ್ ಎರಡು ದಿನಕ್ಕೆ ಅಂತ ಇಟ್ಟುಕೊಂಡವರು ಇನ್ನೂ ವಾಪಸ್ ಕೊಟ್ಟಿಲ್ಲ. ಹೋದ ವಾರ ಫೋನ್ ಮಾಡಿ, ಯಾವುದೋ ಹಳೇ ಝೆನ್‌ಗೆ ಹಚ್ಚಿದ್ದೆ, 13 ತೋರಿಸ್ಲಾಕತ್ತದ, ಬಿಚ್ಚಬೇಕು ಅಂದರು.